ಲೈಟ್ ಹತ್ತುತ್ತದೆ, ಚಿತ್ರ ಬರುವುದಿಲ್ಲ: ಹಳೇ ಟಿವಿ ಗೇಮ್, ಹಳೇ ಕಂಪ್ಯೂಟರ್ ದೋಷ ಹುಡುಕುವ ಕೈಪಿಡಿ

ನಮ್ಮ ಕಲಬುರಗಿ ಕಡೆ ಹಳೇ ಯಂತ್ರ ತಂದವರು ಹೇಳುವ ದೂರು ಹೆಚ್ಚಾಗಿ ಒಂದೇ. "ಅಣ್ಣಾ, ಕೆಂಪು ಲೈಟ್ ಹತ್ತತದ, ಆದ್ರ ಟಿವಿದಾಗ ಏನೂ ಬರವಲ್ದು ನೋಡ್ರಿ." ಅಟ್ಟದಿಂದ ಇಳಿಸಿದ 90ರ ದಶಕದ ಟಿವಿ ಗೇಮ್ ಇರಬಹುದು, ಗುಜರಿಯಲ್ಲಿ ತೂಕಕ್ಕೆ ಸಿಕ್ಕ ಸ್ಪೆಕ್ಟ್ರಂ ಕಂಪ್ಯೂಟರ್ ಇರಬಹುದು, ಶಾಲೆಯ ಬೀರುವಿನಲ್ಲಿ ಉಳಿದುಹೋದ ಬಿಬಿಸಿ ಮೈಕ್ರೋ ಕಂಪ್ಯೂಟರ್ ಇರಬಹುದು. ಕಾರಣಗಳು ಹತ್ತಾರು. ಹುಡುಕುವ ದಾರಿ ಮಾತ್ರ ಒಂದೇ. ಮೊದಲು ಅಡಾಪ್ಟರ್, ಆಮೇಲೆ ಒಳಗೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ರೆಗ್ಯುಲೇಟರ್, ಆಮೇಲೆ ಟಿವಿ ಮತ್ತು ಅದರ ವೈರ್, ಆಮೇಲೆ ಆಟದ ಕ್ಯಾಸೆಟ್ ಕೂರಿಸುವ ಸ್ಲಾಟ್. ಚಿಪ್ಪುಗಳ ಸರದಿ ಕೊನೆಗೆ.

ಈ ದಾರಿಯನ್ನು ಹಿಂದುಮುಂದು ಮಾಡಬೇಡಿ ಅಂತ ಕೇಳಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೊಸದಾಗಿ ರಿಪೇರಿಗೆ ಕೂತವರ ಕಣ್ಣು ಮೊದಲು ಹೋಗುವುದು ದೊಡ್ಡ ಐಸಿ, ಅಂದರೆ ಚಿಪ್ ಮೇಲೆ. ಅದನ್ನು ಕಿತ್ತು ಬೇರೆ ಹಾಕಿದರೆ ಸರಿಹೋಗುತ್ತದೆ ಅನ್ನುವ ಆಸೆ. ಆದರೆ ಸ್ಪೆಕ್ಟ್ರಂನ ಯುಎಲ್ಎ, ಕೊಮೊಡೋರ್ 64 ಕಂಪ್ಯೂಟರಿನ ಪಿಎಲ್ಎ, ಹೀಗೆ ಆಯಾ ಯಂತ್ರಕ್ಕೆಂದೇ ಮಾಡಿದ ಮೂಲ ಚಿಪ್ಪುಗಳ ತಯಾರಿಕೆ ನಿಂತು ದಶಕಗಳಾದವು. ಹಳೇ ಬೋರ್ಡಿನ ತಾಮ್ರದ ಗೆರೆಗಳು ಐರನ್ ಕಾವಿಗೆ ಎದ್ದು ಬರುತ್ತವೆ. ಚೆನ್ನಾಗಿದ್ದ ಚಿಪ್ ಕೀಳಲು ಹೋಗಿ ಬೋರ್ಡೇ ಹಾಳಾದ ಯಂತ್ರಗಳು ಬೇಕಾದಷ್ಟಿವೆ. ಅಡಾಪ್ಟರ್ ಅಂದರೆ ನಾಳೆ ಬೆಳಿಗ್ಗೆ ಸೂಪರ್ ಮಾರ್ಕೆಟ್ ಕಡೆ ಹೋದರೂ ಇನ್ನೊಂದು ತರಬಹುದು, ಅಲ್ವಾ?

ಆನ್ ಮಾಡುವ ಮುಂಚೆ

ಯಂತ್ರ ಕೈಗೆ ಬಂದ ತಕ್ಷಣ ಪ್ಲಗ್ ಹಾಕಬೇಡಿ. ಹತ್ತಿಪ್ಪತ್ತು ವರ್ಷ ಕರೆಂಟ್ ಕಾಣದ ಯಂತ್ರ ಅದು. ಇನ್ನೊಂದು ದಿನ ಕಾದರೆ ನಷ್ಟವಿಲ್ಲ.

ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯಿರಿ. ಸ್ಪೆಕ್ಟ್ರಂ ಆದರೆ ಮುಚ್ಚಳವನ್ನು ಒಮ್ಮೆಲೇ ಎತ್ತಬೇಡಿ. ಕೀಬೋರ್ಡಿನ ಎರಡು ತೆಳು ಪಟ್ಟಿಗಳು ಬೋರ್ಡಿನ ಸಾಕೆಟ್ಟಿಗೆ ಸೇರಿರುತ್ತವೆ. ವಯಸ್ಸಾದ ಮೇಲೆ ಅವು ಒಣಗಿ, ಸ್ವಲ್ಪ ಮಡಚಿದರೂ ಮುರಿಯುತ್ತವೆ.

ಒಳಗೆ ಮೊದಲು ಕಾಣುವುದು ಧೂಳು. ನಮ್ಮ ಜಿಲ್ಲೆಯ ಧೂಳು ಬಹಳ ಸಣ್ಣದು. ಶಹಾಬಾದ್ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಜಾಗದ ಹತ್ತಿರದ ಮನೆಯಿಂದ ಬಂದ ಯಂತ್ರದಲ್ಲಿ ಅದು ಬೂದು ಪದರವಾಗಿ ಕೂತಿರುತ್ತದೆ. ಸುಣ್ಣದ ಕಲ್ಲಿನ ಒಣ ಪುಡಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಮಳೆಗಾಲದಲ್ಲಿ ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ತೇವ ನಿಂತ ಕಡೆ ಐಸಿ ಕಾಲುಗಳು ಕಪ್ಪಾಗಿ, ಹಸಿರಾಗಿ ಸವೆಯುತ್ತವೆ. ಮೆತ್ತನೆಯ ಬ್ರಷ್ ಮತ್ತು ಕೈಯಿಂದ ಒತ್ತುವ ಗಾಳಿ ಬುರುಡೆ ಸಾಕು. ವ್ಯಾಕ್ಯೂಮ್ ಕ್ಲೀನರ್ ಬೇಡ. ಅದರ ಮೂತಿಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ಚಿಪ್ಪಿಗೆ ಆಗಿಬರುವುದಿಲ್ಲ.

ಇನ್ನು ಕೆಪಾಸಿಟರ್‌ಗಳನ್ನು ನೋಡಿ. ಜೋಳದ ರೊಟ್ಟಿ ಉಬ್ಬಿದಂತೆ ತಲೆ ಉಬ್ಬಿದ್ದರೆ ಅದು ಮುಗಿಯಿತು. ತಲೆ ಚಪ್ಪಟೆಯಾಗಿಯೇ ಇದ್ದು ಬುಡದಲ್ಲಿ ಕಂದು ಕಲೆ ಇದ್ದರೂ ಅನುಮಾನ ಪಡಿ. ಮೀನು ಕೆಟ್ಟಂಥ ವಾಸನೆ ಬಂದರೆ ಒಳಗಿನ ದ್ರವ ಹೊರಬಂದಿದೆ ಅಂತಲೇ ಅರ್ಥ. ಅಪಾಯದ ಭಾಗ ಎಂದರೆ ಬಿಬಿಸಿ ಮೈಕ್ರೋ ತರಹ ಪವರ್ ಸಪ್ಲೈ ಒಳಗೇ ಇರುವ ಯಂತ್ರಗಳದ್ದು. ಅವುಗಳ 230 ವೋಲ್ಟ್ ಬದಿಯಲ್ಲಿ ಅರೆಪಾರದರ್ಶಕ ಹಳದಿ ಕವಚದ ರೀಫಾ ಕೆಪಾಸಿಟರ್ ಇರುತ್ತದೆ. ಅದರ ಒಳಗೆ ಲೋಹ ಲೇಪಿಸಿದ ಕಾಗದ. ಕವಚದಲ್ಲಿ ಕೂದಲೆಳೆ ಬಿರುಕು ಬಿದ್ದು ತೇವ ಒಳಗೆ ಹೋಗುತ್ತದೆ. ಪ್ಲಗ್ ಹಾಕಿ ಸ್ವಲ್ಪ ಹೊತ್ತಿಗೆ ಮನೆ ತುಂಬ ಗಾಟು ಹೊಗೆ. ಅಂಥ ಯಂತ್ರದಲ್ಲಿ ಆ ಕೆಪಾಸಿಟರ್ ಬದಲಿಸದೆ ಕರೆಂಟ್ ಕೊಡಲೇಬೇಡಿ. ಅಷ್ಟೇ ಮೈಕ್ರೋಫ್ಯಾರಡ್ ಇರುವ, ಮೇನ್ಸಿಗೆಂದೇ ಮಾಡಿದ ಎಕ್ಸ್2 ದರ್ಜೆಯದ್ದೇ ಹಾಕಿ. ಸಾಮಾನ್ಯ ಕೆಪಾಸಿಟರ್ ಅಲ್ಲಿ ಕೂರಿಸಬಾರದು. ಮೇನ್ಸ್ ಬದಿ ಮುಟ್ಟಿ ಅಭ್ಯಾಸವಿಲ್ಲದಿದ್ದರೆ ಅಭ್ಯಾಸವಿರುವವರ ಕೈಗೆ ಕೊಡಿ.

ಬಿಬಿಸಿ ಮೈಕ್ರೋ ನಮ್ಮ ದೇಶದ ಶಾಲೆಗಳಿಗೆ ಬಂದದ್ದು 1984ರಲ್ಲಿ ಶುರುವಾದ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಕ್ಲಾಸ್ ಯೋಜನೆಯಿಂದ. ಆಮೇಲೆ ಸರ್ಕಾರಿ ಸಂಸ್ಥೆಯಾದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದನ್ನೇ ಎಸ್‌ಸಿಎಲ್ ಯೂನಿಕಾರ್ನ್ ಎಂಬ ಹೆಸರಿನಲ್ಲಿ ತಂದಿತು. ಯಾವುದಾದರೂ ಹಳೇ ಶಾಲೆಯ ಸ್ಟೋರ್ ರೂಮಿನಲ್ಲಿ ಆ ಹೆಸರು ಕಂಡರೆ ಗುಜರಿಗೆ ಹೋಗಲು ಬಿಡಬೇಡಿ. ದಯವಿಟ್ಟು.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಎರಡು ತುದಿಗಳ ನಡುವೆ ಸಂಪರ್ಕ ಇದ್ದರೆ ಬೀಪ್ ಮಾಡುವ ಡಿಜಿಟಲ್ ಮಲ್ಟಿಮೀಟರ್, 25 ವ್ಯಾಟ್ ಐರನ್, ಸೋಲ್ಡರ್ ವೈರ್, ಪೇಸ್ಟ್, ಡಿಸೋಲ್ಡರ್ ಪಂಪ್, ಐಸೊಪ್ರೊಪೈಲ್ ಆಲ್ಕೋಹಾಲ್. ಮತ್ತೊಂದು ನಮ್ಮ ರೇಡಿಯೋ, ಟಿವಿ ಮೆಕ್ಯಾನಿಕ್‌ಗಳ ಹಳೇ ಗೆಳೆಯ, ಸೀರೀಸ್ ಬೋರ್ಡ್. 60 ವ್ಯಾಟಿನ ಹಳೇ ತಂತಿ ಬಲ್ಬ್ ಮೂಲಕ ಕರೆಂಟ್ ಹೋಗುವ ಹಾಗೆ ಮಾಡಿದ ಸಾಕೆಟ್ ಅದು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಯಂತ್ರ ಸುಡುವುದಿಲ್ಲ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ.

ಅಡಾಪ್ಟರ್: ಇಲ್ಲೇ ಹೆಚ್ಚು ಹೊತ್ತು ಕಳೆಯಿರಿ

ಟಿವಿ ಗೇಮಿನ ಜೊತೆ ಬಂದ ಅಡಾಪ್ಟರ್ ಅದರದ್ದೇ ಅಂತ ನಂಬಬೇಡಿ. ಅದರ ಅಡಾಪ್ಟರ್ ಯಾವಾಗಲೋ ಕಳೆದಿರುತ್ತದೆ. ಪಿನ್ ಹೊಂದಿತು ಅಂತ ಸೆಟ್‌ಟಾಪ್ ಬಾಕ್ಸಿನದ್ದೋ ವೈಫೈ ರೌಟರಿನದ್ದೋ ಹಾಕಿರುತ್ತಾರೆ. ಅವು ಹೆಚ್ಚಾಗಿ 12 ವೋಲ್ಟ್, ನಡುವಿನ ತೂತು ಪ್ಲಸ್. ಹಳೇ ಗೇಮ್ ಯಂತ್ರಗಳಲ್ಲಿ ಬಹಳಷ್ಟು 9 ಅಥವಾ 10 ವೋಲ್ಟ್, ನಡುವಿನ ತೂತು ಮೈನಸ್. ಎರಡೂ ತಪ್ಪು ಒಂದೇ ಪಿನ್ನಿನಲ್ಲಿ.

ಖಚಿತವಾಗಿ ಹೇಳಬಹುದಾದ ಕೆಲವು ಇಲ್ಲಿವೆ. ಸ್ಪೆಕ್ಟ್ರಂಗೆ 9 ವೋಲ್ಟ್ ಡಿಸಿ, 1.4 ಆಂಪಿಯರ್, ನಡು ಮೈನಸ್. ಜಪಾನಿನ ಫ್ಯಾಮಿಕಾಂ ಟಿವಿ ಗೇಮಿಗೆ 10 ವೋಲ್ಟ್ ಡಿಸಿ, ನಡು ಮೈನಸ್. ಸೆಗಾ ಮೆಗಾ ಡ್ರೈವ್ ಮೊದಲ ಮಾದರಿಗೆ 9 ವೋಲ್ಟ್, ನಡು ಮೈನಸ್. ಅದೇ ಮೆಗಾ ಡ್ರೈವ್ ಎರಡನೇ ಮಾದರಿಗೆ 10 ವೋಲ್ಟ್, ನಡು ಪ್ಲಸ್. ಪಿನ್ ಕೂಡ ಬೇರೆ. ನಿಂಟೆಂಡೊ ಎನ್‌ಇಎಸ್ ಡಬ್ಬದ ಮೂಲ ಅಡಾಪ್ಟರ್ ಡಿಸಿ ಕೊಡುವುದೇ ಇಲ್ಲ, 9 ವೋಲ್ಟ್ ಎಸಿ ಕೊಡುತ್ತದೆ. ಆ ಡಬ್ಬದೊಳಗೆ ಎಸಿಯನ್ನು ಡಿಸಿ ಮಾಡುವ ಬ್ರಿಜ್ ಡಯೋಡ್ ಇರುವುದರಿಂದ ಅದಕ್ಕೆ ನಡೆಯುತ್ತದೆ. ಅದೇ ಎಸಿ ಅಡಾಪ್ಟರನ್ನು ಫ್ಯಾಮಿಕಾಂಗೋ ನಮ್ಮ ಸಾಮಾನ್ಯ ಟಿವಿ ಗೇಮಿಗೋ ಚುಚ್ಚಿದರೆ ಯಂತ್ರ ಸುಡುತ್ತದೆ. ಹೆಸರಿಲ್ಲದ ಟಿವಿ ಗೇಮ್ ಆದರೆ ಊಹೆ ಬೇಡ. ಮುಚ್ಚಳ ತೆಗೆದು, ಪವರ್ ಜಾಕಿನ ಯಾವ ಕಾಲು ಬೋರ್ಡಿನ ಗ್ರೌಂಡಿಗೆ ಸೇರಿದೆ ಅಂತ ಬೀಪ್ ಹಾಕಿ ನೋಡಿ.

ಈಗ ಅಡಾಪ್ಟರನ್ನು ಮಾತ್ರ ಪ್ಲಗ್ಗಿಗೆ ಹಾಕಿ ಅಳೆಯಿರಿ. ಟ್ರಾನ್ಸ್‌ಫಾರ್ಮರ್ ಇರುವ ಭಾರದ ಹಳೇ ಅಡಾಪ್ಟರಿನ ಮೇಲೆ 9 ವೋಲ್ಟ್ ಅಂತ ಬರೆದಿದ್ದರೂ ಮೀಟರ್ 12, 13 ತೋರಿಸಬಹುದು. ಗಾಬರಿ ಬೇಡ. ಅವಕ್ಕೆ ರೆಗ್ಯುಲೇಟರ್ ಇಲ್ಲ. ಯಂತ್ರ ಕರೆಂಟ್ ಎಳೆಯಲು ಶುರು ಮಾಡಿದ ಮೇಲೆ 9ರ ಹತ್ತಿರ ಇಳಿಯುತ್ತದೆ. ಹಾಗಾಗಿ ಬರೀ ಅಡಾಪ್ಟರನ್ನು ಅಳೆದು ಇದು ಸರಿ, ಇದು ಕೆಟ್ಟದ್ದು ಅನ್ನಬಾರದು. ಏನೂ ತೋರಿಸದಿದ್ದರೆ ಪ್ಲಗ್ ತೆಗೆದು, ಅದರ ಎರಡು ಪಿನ್ನುಗಳ ನಡುವೆ ಓಂ ಅಳೆಯಿರಿ. ಸಣ್ಣ ಟ್ರಾನ್ಸ್‌ಫಾರ್ಮರಿನಲ್ಲಿ ಕೆಲವು ನೂರು ಓಂ ಬರುತ್ತದೆ. ಏನೂ ಬರದಿದ್ದರೆ ಒಳಗಿನ ಸುರುಳಿಯೋ ಥರ್ಮಲ್ ಫ್ಯೂಸೋ ಹೋಗಿದೆ.

ರೆಗ್ಯುಲೇಟರ್ ಇಲ್ಲದ ಅಡಾಪ್ಟರಿಗೆ ನಮ್ಮ ಊರುಗಳಲ್ಲಿ ಇನ್ನೊಂದು ತೊಂದರೆ ಇದೆ. ಗೋಡೆಯ ವೋಲ್ಟೇಜ್ ಹತ್ತಿಳಿದರೆ ಅದರ ವೋಲ್ಟೇಜೂ ಅದೇ ಲೆಕ್ಕದಲ್ಲಿ ಹತ್ತಿಳಿಯುತ್ತದೆ. 230ಕ್ಕೆ 9 ಕೊಡುವ ಅಡಾಪ್ಟರ್, ಸಂಜೆ ಎಲ್ಲರ ಮನೆಯಲ್ಲೂ ಲೋಡ್ ಜಾಸ್ತಿಯಾಗಿ ಲೈನ್ 180ಕ್ಕೆ ಕುಸಿದಾಗ 7 ಮಾತ್ರ ಕೊಡುತ್ತದೆ. ಯಂತ್ರದೊಳಗಿನ 7805 ರೆಗ್ಯುಲೇಟರಿಗೆ 5 ವೋಲ್ಟ್ ಹೊರಹಾಕಲು ಸುಮಾರು 7 ವೋಲ್ಟ್ ಒಳಗೆ ಬೇಕು. ಅದು ಅಂಚಿನಲ್ಲಿ ನಿಂತಂತೆ. ಆಗ ಚಿತ್ರ ನಡುಗುತ್ತದೆ, ಆಟ ತಾನಾಗಿಯೇ ಮೊದಲಿನಿಂದ ಶುರುವಾಗುತ್ತದೆ. ಬೆಳಿಗ್ಗೆ ಸರಿಯಾಗಿ ಆಡುವ ಯಂತ್ರ ಸಂಜೆ ಕೆಡುತ್ತದೆ ಅಂದರೆ ಚಿಪ್ಪನ್ನು ಬೈಯುವ ಮೊದಲು ಗೋಡೆಯ ಸಾಕೆಟ್ಟಿನ ವೋಲ್ಟೇಜ್ ಅಳೆಯಿರಿ.

ಚಿತ್ರದಲ್ಲೇ ಇನ್ನೊಂದು ಸುಳಿವಿದೆ. ಪರದೆಯ ಮೇಲೆ ಎರಡು ಅಗಲವಾದ ಅಡ್ಡ ಪಟ್ಟಿ ನಿಧಾನಕ್ಕೆ ಜರುಗುತ್ತಿದ್ದರೆ ಅದು 100 ಹರ್ಟ್ಜ್ ರಿಪಲ್, ಅಂದರೆ ಡಿಸಿಯಲ್ಲಿ ಉಳಿದುಹೋದ ಏರಿಳಿತ. ನಮ್ಮ ಮೇನ್ಸ್ 50 ಹರ್ಟ್ಜ್. ಬ್ರಿಜ್ ಡಯೋಡ್ ದಾಟಿದ ಮೇಲೆ ಅದು 100 ಆಗುತ್ತದೆ. ಪರದೆ ಸೆಕೆಂಡಿಗೆ 50 ಸಲ ಹೊಸದಾಗುವುದರಿಂದ ಪಟ್ಟಿ ಎರಡು ಕಾಣುತ್ತವೆ. ಅಡಾಪ್ಟರಿನ ಫಿಲ್ಟರ್ ಕೆಪಾಸಿಟರ್ ಒಣಗಿದೆ ಅಥವಾ ವೋಲ್ಟೇಜ್ ತೀರಾ ಕಡಿಮೆ ಇದೆ ಅಂತ ತಿಳಿಯಿರಿ. ಪಟ್ಟಿ ಒಂದೇ ಇದ್ದರೆ ಬ್ರಿಜ್‌ನ ಡಯೋಡ್ ಒಂದು ಓಪನ್ ಆಗಿರುವ ಸಾಧ್ಯತೆ ಹೆಚ್ಚು. ಮೀಟರ್ ಹಿಡಿಯುವ ಮೊದಲೇ ಟಿವಿ ಇಷ್ಟು ಹೇಳುತ್ತದೆ.

ಆಮೇಲೆ ಯಂತ್ರಕ್ಕೆ ಕರೆಂಟ್ ಕೊಟ್ಟು 7805 ಅಳೆಯಿರಿ. ಬರಹ ನಿಮ್ಮ ಕಡೆ ಇರುವಂತೆ ಹಿಡಿದರೆ ಎಡಗಾಲು ಇನ್‌ಪುಟ್, ನಡುವಿನದ್ದು ಗ್ರೌಂಡ್, ಬಲಗಾಲು ಔಟ್‌ಪುಟ್. ಔಟ್‌ಪುಟ್ 4.75ರಿಂದ 5.25ರ ಒಳಗಿರಬೇಕು. 4.5 ಇದ್ದು ಇನ್‌ಪುಟ್ ಸರಿ ಇದ್ದರೆ, ರೆಗ್ಯುಲೇಟರ್ ಸೋತಿದೆ ಅಥವಾ ಮುಂದೆ ಯಾವುದೋ ಚಿಪ್ ಜಾಸ್ತಿ ಎಳೆಯುತ್ತಿದೆ. 5.25 ದಾಟಿದರೆ ತಕ್ಷಣ ಆಫ್ ಮಾಡಿ.

ಕೊಮೊಡೋರ್ 64 ಇಟ್ಟುಕೊಂಡವರು ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. 1982ರ ಆ ಯಂತ್ರದ ಮೂಲ ಪವರ್ ಇಟ್ಟಿಗೆ 5 ವೋಲ್ಟ್ ಡಿಸಿ, 9 ವೋಲ್ಟ್ ಎಸಿ ಎರಡನ್ನೂ ಕೊಡುತ್ತದೆ. ಒಳಗೆಲ್ಲ ಗಟ್ಟಿ ಅಂಟು ತುಂಬಿರುವುದರಿಂದ ಬಿಸಿ ಹೊರಗೆ ಹೋಗುವುದಿಲ್ಲ. ಅದರ ರೆಗ್ಯುಲೇಟರ್ ಕೆಟ್ಟರೆ 5 ವೋಲ್ಟ್ ಇಳಿಯುವ ಬದಲು ಏರುತ್ತದೆ, ರ‍್ಯಾಮ್ ಚಿಪ್ಪುಗಳನ್ನು ಸುಡುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಆ ಹಳೇ ಇಟ್ಟಿಗೆಯನ್ನು ಬಳಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೆನಪಿಗೆ ಕಪಾಟಿನಲ್ಲಿಡಿ, ಹೊಸದಾಗಿ ಮಾಡಿದ ಸಪ್ಲೈ ಹಾಕಿ ಆಡಿ.

ಟಿವಿಯ ಕಡೆ ಒಂದು ನೋಟ

ವೋಲ್ಟೇಜ್ ಎಲ್ಲ ಸರಿ, ಚಿತ್ರ ಇಲ್ಲ. ಹಾಗಾದರೆ ಯಂತ್ರ ಚಿತ್ರ ಕಳಿಸುತ್ತಿದ್ದರೂ ಟಿವಿ ತೆಗೆದುಕೊಳ್ಳುತ್ತಿಲ್ಲವೇನೋ.

ಆಂಟೆನಾ ವೈರಿನ ಟಿವಿ ಗೇಮ್ ಹೆಚ್ಚಾಗಿ ವಿಎಚ್‌ಎಫ್ ಚಾನೆಲ್ 3 ಅಥವಾ 4ರಲ್ಲಿ ಚಿತ್ರ ಕಳಿಸುತ್ತದೆ. ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್-ಬಿ ಲೆಕ್ಕದಲ್ಲಿ ಅವು 55.25 ಮತ್ತು 62.25 ಮೆಗಾಹರ್ಟ್ಜ್. ಗೇಮ್ ಆನ್ ಮಾಡಿಟ್ಟು, ಟಿವಿಯಲ್ಲಿ ಅನಲಾಗ್ ಸರ್ಚ್ ಹಾಕಿ. ಡಿಜಿಟಲ್ ಸರ್ಚ್ ಹಾಕಿದರೆ ರಾತ್ರಿಯೆಲ್ಲ ಹುಡುಕಿದರೂ ಸಿಗುವುದಿಲ್ಲ. ಇಂಗ್ಲೆಂಡಿನಿಂದ ಬಂದ ಸ್ಪೆಕ್ಟ್ರಂ ಆದರೆ ಯುಎಚ್‌ಎಫ್ ಚಾನೆಲ್ 36, ಅಂದರೆ 591.25ರ ಹತ್ತಿರ ಹುಡುಕಬೇಕು. ಅಲ್ಲಿಯ ಮಾದರಿಯಲ್ಲಿ ದನಿ ಚಿತ್ರಕ್ಕಿಂತ 6 ಮೆಗಾಹರ್ಟ್ಜ್ ದೂರ, ನಮ್ಮಲ್ಲಿ 5.5. ಹಾಗಾಗಿ ಇಂಗ್ಲೆಂಡಿನ ಕೊಮೊಡೋರ್ ಹಾಕಿದಾಗ ಚಿತ್ರ ಚೆನ್ನಾಗಿ ಬಂದು ದನಿಯ ಬದಲು ಬರೀ ಸದ್ದು ಬಂದರೆ ಯಂತ್ರ ಕೆಟ್ಟಿಲ್ಲ.

ಹಳದಿ ಪಿನ್ನಿನ ಎವಿ ವೈರ್ ಇರುವ ಯಂತ್ರವನ್ನು ಹೊಸ ಎಲ್‌ಇಡಿ ಟಿವಿಗೆ ಹಾಕುವಾಗ ಇನ್ನೊಂದು ತೊಡಕು. ಹಲವು ಟಿವಿಗಳಲ್ಲಿ ಈಗ ಮೂರು ತೂತಿನ ಬದಲು ಇಯರ್‌ಫೋನ್ ಜಾಕಿನಂಥ ಒಂದೇ ತೂತು. ಅದಕ್ಕೆ ಹಾಕುವ ವೈರುಗಳಲ್ಲಿ ಗ್ರೌಂಡ್ ಮತ್ತು ವಿಡಿಯೋ ಜಾಗ ಒಂದೊಂದರಲ್ಲಿ ಒಂದೊಂದು ಕಡೆ. ನೋಡಲು ಒಂದೇ ತರಹ. ಬೀಪ್ ಹಾಕಿ ನೋಡದೆ ಗೊತ್ತಾಗುವುದಿಲ್ಲ. ಜೊತೆಗೆ, ಹಳೇ ಯಂತ್ರಗಳು ಕಳಿಸುವ ಸಿಗ್ನಲ್ ದೂರದರ್ಶನದ ಸಿಗ್ನಲ್ಲಿನಂತೆ ಬೆಸ ಗೆರೆ, ಸರಿ ಗೆರೆ ಸರದಿಯ ಮೇಲೆ ಬರುವ ಹಾಗೆ, ಅಂದರೆ ಇಂಟರ್‌ಲೇಸ್ ಆಗಿರುವುದಿಲ್ಲ. ಅದನ್ನು ಕೆಲವು ಹೊಸ ಟಿವಿಗಳು ಸಿಗ್ನಲ್ಲೇ ಅಲ್ಲ ಅಂತ ನೀಲಿ ಪರದೆ ತೋರಿಸಿಬಿಡುತ್ತವೆ. ಇದಕ್ಕಾಗಿಯೇ ಒಂದು ಸಣ್ಣ ಡಬ್ಬಾ ಟಿವಿ ಇಟ್ಟುಕೊಳ್ಳಿ. ಜನ ಅದನ್ನು ಸುಮ್ನೆ ಕೊಟ್ಟುಬಿಡುತ್ತಾರೆ. ಅದರ ಹಿಂಬದಿ ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.

ಟಿವಿ ಗೇಮ್: ಪರದೆ ಏನು ಹೇಳುತ್ತಿದೆ

ನಮ್ಮ ಹುಡುಗರು ಆಡಿ ಬೆಳೆದ ಟಿವಿ ಗೇಮ್‌ಗಳು ಹೆಚ್ಚಿನವು 1983ರ ನಿಂಟೆಂಡೊ ಫ್ಯಾಮಿಕಾಂನ ನಕಲು. ಕ್ಯಾಸೆಟ್ಟಿಗೆ 60 ಪಿನ್. ಹಳೇ ನಕಲುಗಳಲ್ಲಿ ಪ್ರೊಸೆಸರ್ ಬೇರೆ, ಚಿತ್ರದ ಚಿಪ್ ಬೇರೆ, ಎರಡು ಸಣ್ಣ ರ‍್ಯಾಮ್ ಬೇರೆ ಇರುತ್ತವೆ. ಆಮೇಲಿನವುಗಳಲ್ಲಿ ಎಲ್ಲ ಸೇರಿ ಕಪ್ಪು ಅಂಟಿನ ಒಂದು ಬೊಟ್ಟು. ಬೊಟ್ಟಿನೊಳಗೆ ಕೆಟ್ಟರೆ ಏನೂ ಮಾಡಲಾಗದು. ಆದರೆ ಬೊಟ್ಟಿನ ಹೊರಗೆ ನೋಡಬೇಕಾದ್ದು ಬಹಳ ಇದೆ.

ಪರದೆ ಬೂದು ಅಥವಾ ಯಾವುದೋ ಒಂದೇ ಬಣ್ಣ, ಅಲ್ಲಾಡುವುದಿಲ್ಲ. ಇದು ಒಳ್ಳೇ ಸುದ್ದಿಯೇ. ಪವರ್ ಇದೆ, ಚಿತ್ರದ ಭಾಗ ಬದುಕಿದೆ, ಟಿವಿ ವೈರೂ ಸರಿ ಇದೆ. ಪ್ರೊಸೆಸರಿಗೆ ಕ್ಯಾಸೆಟ್ಟಿನಲ್ಲಿರುವ ಪ್ರೋಗ್ರಾಂ ಸಿಗುತ್ತಿಲ್ಲ, ಅಷ್ಟೇ. ಮೊದಲು ಕ್ಯಾಸೆಟ್ ಒರೆಸಿ. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಹಚ್ಚಿ, ಪಿನ್ನುಗಳ ಉದ್ದಕ್ಕೆ ಒರೆಸುತ್ತಾ ಹೋಗಿ, ಹತ್ತಿ ಕಪ್ಪಾಗುವುದು ನಿಲ್ಲುವವರೆಗೆ. ಕಪ್ಪು ಜಿಡ್ಡು ಹೋಗದಿದ್ದರೆ ಬಿಳಿ ಮೆತ್ತನೆ ರಬ್ಬರ್. ಮರಳು ಕಾಗದ ಬೇಡವೇ ಬೇಡ, ಪಿನ್ನಿನ ಲೇಪ ಹೋದರೆ ಮತ್ತೆ ಬರುವುದಿಲ್ಲ. ಬಾಯಿಂದ ಊದುವುದೂ ಬೇಡ. ಊದಿದಾಗ ಬಂದರೆ, ಕ್ಯಾಸೆಟ್ ತೆಗೆದು ಮತ್ತೆ ಕೂರಿಸಿದ್ದಕ್ಕೆ ಬಂದಿರುತ್ತದೆ. ಉಸಿರಿನ ತೇವ ಪಿನ್ನನ್ನು ನಿಧಾನವಾಗಿ ತಿನ್ನುತ್ತದೆ.

ಕ್ಯಾಸೆಟ್ ಒರೆಸಿದ ಮೇಲೂ ಅದೇ ಬಣ್ಣ ಇದ್ದರೆ ಸ್ಲಾಟಿನ ಸರದಿ. ಟಾರ್ಚ್ ಹಾಕಿ ಪ್ರತಿ ಪಿನ್ ನೋಡಿ. ಒಳಗೆ ಕುಸಿದ ಪಿನ್ ಇದ್ದರೆ ಸೂಜಿಯಿಂದ ಮೆಲ್ಲಗೆ ಎತ್ತಿ. ಆಮೇಲೆ ಬೋರ್ಡ್ ತಿರುಗಿಸಿ ಸ್ಲಾಟಿನ ಕಾಲುಗಳನ್ನು ನೋಡಿ. ಹುಡುಗರು ಕ್ಯಾಸೆಟ್ಟನ್ನು ಜಗ್ಗಾಡಿ ಜಗ್ಗಾಡಿ ಅಲ್ಲಿ ಡ್ರೈ ಸೋಲ್ಡರ್ ಆಗಿರುತ್ತದೆ, ಅಂದರೆ ಬೆಸುಗೆ ಬಿಟ್ಟಿರುತ್ತದೆ. ಕಾಲಿನ ಸುತ್ತ ಸಣ್ಣ ಉಂಗುರದಂಥ ಬಿರುಕು ಕಂಡರೆ ಸ್ವಲ್ಪ ಪೇಸ್ಟ್ ಹಚ್ಚಿ, ಹೊಸ ಸೋಲ್ಡರ್ ಕೊಡಿ.

ಆಟ ನಡೆಯುತ್ತಿದೆ, ದನಿ ಸರಿ, ಆದರೆ ಎಲ್ಲ ಚಿತ್ರಗಳ ಮೇಲೂ ಸಮ ದೂರದಲ್ಲಿ ಉದ್ದ ಗೆರೆಗಳು. ಇದು ನನಗೆ ಬಹಳ ಇಷ್ಟದ ದೋಷ, ಯಾಕೆಂದರೆ ಅದರ ವಿಳಾಸ ಅದೇ ಹೇಳುತ್ತದೆ. ಫ್ಯಾಮಿಕಾಂ ಚಿತ್ರಗಳು 8 ಚುಕ್ಕೆ ಅಗಲದ ತುಂಡುಗಳಿಂದ ಆದವು. ಕ್ಯಾಸೆಟ್ಟಿನ ಚಿತ್ರದ ಚಿಪ್ಪಿನಿಂದ ಬರುವ 8 ಡೇಟಾ ಲೈನುಗಳಲ್ಲಿ ಒಂದೊಂದು ಲೈನು ಒಂದೊಂದು ಚುಕ್ಕೆಗೆ. ಒಂದು ಲೈನ್ ಕಡಿದರೆ ಪ್ರತಿ 8 ಚುಕ್ಕೆಗೊಂದು ಗೆರೆ ಮೂಡುತ್ತದೆ. ಬೇರೆ ಕ್ಯಾಸೆಟ್ಟಿನಲ್ಲೂ ಅದೇ ಗೆರೆ ಬಂದರೆ ಸ್ಲಾಟಿನ ದೋಷ, ಬರದಿದ್ದರೆ ಕ್ಯಾಸೆಟ್ಟಿನ ದೋಷ.

ಓಡುವ ಬೊಂಬೆ ಸರಿ ಇದ್ದು ಹಿನ್ನೆಲೆ ಮಾತ್ರ ಕಲಸಿಹೋಗಿದ್ದರೆ ಚಿತ್ರದ ಚಿಪ್ಪಿನ ಪಕ್ಕದ 2 ಕಿಲೋಬೈಟ್ ರ‍್ಯಾಮ್ ನೋಡಿ. ಹಿನ್ನೆಲೆಯ ನಕ್ಷೆ ಇರುವುದು ಅಲ್ಲಿ. ಬೊಂಬೆಗಳ ಪಟ್ಟಿ ಚಿತ್ರದ ಚಿಪ್ಪಿನೊಳಗೇ ಇರುತ್ತದೆ, ಹಾಗಾಗಿ ಅವು ಉಳಿದುಕೊಳ್ಳುತ್ತವೆ. ಈ ರ‍್ಯಾಮ್ ಸಿಗುವಂಥದ್ದು. ಕಲಬುರಗಿಯಲ್ಲಿ ಸಿಗದಿದ್ದರೆ ಹೈದರಾಬಾದಿನ ಕೋಠಿ, ಇಲ್ಲ ಬೆಂಗಳೂರಿನ ಎಸ್‌ಪಿ ರಸ್ತೆ. ಹೊಸದನ್ನು ನೇರ ಬೆಸೆಯಬೇಡಿ, ಐಸಿ ಬೇಸ್ ಹಾಕಿ ಅದರಲ್ಲಿ ಕೂರಿಸಿ.

ನಿಂಟೆಂಡೊ ಎನ್‌ಇಎಸ್ ಡಬ್ಬ ಸೆಕೆಂಡಿಗೊಮ್ಮೆ ಮಿಣುಕುತ್ತಿದ್ದರೆ ಅದರ ಲಾಕ್ ಚಿಪ್ಪಿಗೆ ಕ್ಯಾಸೆಟ್ಟಿನ ಜೋಡಿ ಚಿಪ್ ಸಿಗುತ್ತಿಲ್ಲ ಅಂತ ಅರ್ಥ. ಅದರ 72 ಪಿನ್ನಿನ ಸ್ಲಾಟ್ ಒರೆಸಿ. ಫ್ಯಾಮಿಕಾಂನಲ್ಲಿ ಲಾಕ್ ಚಿಪ್ ಇಲ್ಲ. ಅದರ ನಕಲುಗಳಾದ ನಮ್ಮ ಟಿವಿ ಗೇಮ್‌ಗಳಲ್ಲೂ ಈ ದೋಷ ಕಾಣುವುದಿಲ್ಲ.

ಸ್ಪೆಕ್ಟ್ರಂ: ಮೂರು ವೋಲ್ಟೇಜಿನ ಯಂತ್ರ

1982ರ ಈ ಸಣ್ಣ ಯಂತ್ರದ ಪ್ಲಸ್ ಮಾದರಿಯನ್ನು ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ 1986ರಲ್ಲಿ ಡಿಬಿ ಸ್ಪೆಕ್ಟ್ರಂ ಪ್ಲಸ್ ಎಂಬ ಹೆಸರಿನಲ್ಲಿ ನಮ್ಮ ದೇಶದಲ್ಲಿ ಮಾರಿತು. ಸರಿ ಇರುವ ಸ್ಪೆಕ್ಟ್ರಂ ಆನ್ ಮಾಡಿದರೆ ಪರದೆ ಕ್ಷಣಕಾಲ ಕಪ್ಪಾಗಿ, ಆಮೇಲೆ ಬಿಳಿಯಾಗಿ, ಕೆಳಗೆ ಸಿಂಕ್ಲೇರ್ ಹೆಸರಿನ ಸಾಲು ಬರುತ್ತದೆ. ಆ ಕಪ್ಪು ಕ್ಷಣದಲ್ಲಿ ಅದು ತನ್ನ ರ‍್ಯಾಮನ್ನು ತಾನೇ ಪರೀಕ್ಷೆ ಮಾಡುತ್ತಿರುತ್ತದೆ.

ಬಣ್ಣಬಣ್ಣದ ಚೌಕ, ಪಟ್ಟಿಗಳ ಕಸ ಬಂದು ನಿಂತುಬಿಟ್ಟರೆ ಕೆಳಗಿನ 16 ಕಿಲೋಬೈಟ್ ರ‍್ಯಾಮಿನ ಕಡೆ ಹೋಗಿ. 48ಕೆ ಬೋರ್ಡಿನಲ್ಲಿ ಅವು ಐಸಿ6ರಿಂದ ಐಸಿ13ರವರೆಗಿನ 8 ಚಿಪ್ಪುಗಳು, 4116 ಜಾತಿಯವು. ಇವಕ್ಕೆ ಒಂದಲ್ಲ, ಮೂರು ವೋಲ್ಟೇಜ್ ಬೇಕು. ಯಾವುದಾದರೂ ಒಂದು ಚಿಪ್ಪಿನ ಮೇಲೆ ಅಳೆಯಿರಿ. ಪಿನ್ 1ರಲ್ಲಿ ಮೈನಸ್ 5, ಪಿನ್ 8ರಲ್ಲಿ 12, ಪಿನ್ 9ರಲ್ಲಿ 5 ಇರಬೇಕು. ಮೀಟರಿನ ಕಪ್ಪು ತುದಿ ಪಿನ್ 16ಕ್ಕೆ. ಮೀಟರಿನ ತುದಿ ಜಾರಿ ಎರಡು ಪಿನ್ ಕೂಡಿಸಿದರೆ ಚಿಪ್ ಹೋಗುತ್ತದೆ, ಹಾಗಾಗಿ ತುದಿಗೆ ಟೇಪ್ ಸುತ್ತಿ, ಮೊನೆ ಮಾತ್ರ ಹೊರಗೆ ಬಿಡಿ.

5 ಇದೆ, 12 ಮತ್ತು ಮೈನಸ್ 5 ಇಲ್ಲ ಅಂದರೆ ಟಿಆರ್4 ಅನ್ನುವ ಟ್ರಾನ್ಸಿಸ್ಟರ್ ಹೋಗಿದೆ ಅಂತ ಮೊದಲ ಅನುಮಾನ. ಅದು ಮತ್ತು ಪಕ್ಕದ ಟಿಆರ್5 ಒಂದು ಸಣ್ಣ ಸುರುಳಿಯ ಜೊತೆ ಸೇರಿ ಈ ಎರಡು ವೋಲ್ಟೇಜ್ ಹುಟ್ಟಿಸುತ್ತವೆ. ಯಂತ್ರ ಆನ್ ಇರುವಾಗಲೇ ಹಿಂದಿನ ಸ್ಲಾಟಿನಿಂದ ಜಾಯ್‌ಸ್ಟಿಕ್ ಇಂಟರ್‌ಫೇಸ್ ಎಳೆದರೆ ಶಾರ್ಟ್ ಆಗಿ ಟಿಆರ್4 ಹೋಗುವುದು ಬಹಳ ಸಾಮಾನ್ಯ. ಮೈನಸ್ 5 ಇಲ್ಲದೆ ಯಂತ್ರವನ್ನು ಆನ್ ಇಟ್ಟಷ್ಟು ಹೊತ್ತು ಆ ಎಂಟು ರ‍್ಯಾಮ್‌ಗಳು ಸಾಯುತ್ತಾ ಹೋಗುತ್ತವೆ. ಅದಕ್ಕೇ ಅಳತೆ ಬೇಗ ಮುಗಿಸಿ. ಟಿಆರ್4 ಬದಲಿಸುವಾಗ ಟಿಆರ್5, ಸುರುಳಿ ಮತ್ತು ಅಕ್ಕಪಕ್ಕದ ಕೆಪಾಸಿಟರ್‌ಗಳನ್ನೂ ನೋಡಿ. ಬರೀ ಟ್ರಾನ್ಸಿಸ್ಟರ್ ಹಾಕಿ ಆನ್ ಮಾಡಿದರೆ ಅದೂ ಸುಡಬಹುದು.

ಮೂರೂ ವೋಲ್ಟೇಜ್ ಸರಿ ಇದ್ದೂ ಕಸವೇ ಬರುತ್ತಿದ್ದರೆ, ಕೈ ಒದ್ದೆ ಇಲ್ಲದಂತೆ ನೋಡಿಕೊಂಡು, ರ‍್ಯಾಮ್ ಚಿಪ್ಪುಗಳ ಬೆನ್ನು ಒಂದೊಂದಾಗಿ ಮುಟ್ಟಿ. ಎಲ್ಲವೂ ಬೆಚ್ಚಗಿರುತ್ತವೆ. ಒಂದು ಮಾತ್ರ ಸುಡುತ್ತಿದ್ದರೆ ಅದೇ ಕಳ್ಳ. ಯುಎಲ್ಎ ಮಾತ್ರ ಮೊದಲಿಂದಲೂ ಬಿಸಿಯಾಗುವ ಚಿಪ್, ಅದನ್ನು ಅನುಮಾನಿಸಬೇಡಿ. ಝಡ್80 ಪ್ರೊಸೆಸರಿನಲ್ಲಿ ಪಿನ್ 11ಕ್ಕೆ 5 ವೋಲ್ಟ್ ಬರುತ್ತಿದೆಯೇ, ಪಿನ್ 26 ಅಂದರೆ ರೀಸೆಟ್ ಪಿನ್ನಿನ ವೋಲ್ಟೇಜ್ 5ರ ಹತ್ತಿರ ನಿಂತಿದೆಯೇ, ಪಿನ್ 6ರಲ್ಲಿ 3.5 ಮೆಗಾಹರ್ಟ್ಜ್ ಕ್ಲಾಕ್ ಇದೆಯೇ ನೋಡಿ. ಕ್ಲಾಕ್ ನೋಡಲು ಆಸಿಲೋಸ್ಕೋಪ್ ಅಥವಾ ಲಾಜಿಕ್ ಪ್ರೋಬ್ ಬೇಕು. ಮೀಟರಿನಲ್ಲಿ ತಿಳಿಯುವುದಿಲ್ಲ.

ಮಧ್ಯಾಹ್ನ ಕೆಡುವ ಯಂತ್ರ

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಪತ್ರಾ ಮನೆಯೊಳಗೆ ಇನ್ನೂ ಜಾಸ್ತಿ. ಮುಚ್ಚಿದ ಡಬ್ಬದೊಳಗೆ ಎಷ್ಟಿರಬಹುದು ಯೋಚಿಸಿ. ಅರ್ಧ ಆಂಪಿಯರ್ ಎಳೆಯುವ ಯಂತ್ರಕ್ಕೆ 9 ವೋಲ್ಟ್ ಕೊಟ್ಟರೆ 7805ರಲ್ಲಿ 2 ವ್ಯಾಟ್ ಬಿಸಿಯಾಗಿ ಹೋಗುತ್ತದೆ. 12 ಕೊಟ್ಟರೆ 3.5 ವ್ಯಾಟ್. ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಬಾಳಿಕೆ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಬದಲಿಸುವಾಗ 85 ಡಿಗ್ರಿಯದ್ದು ಬಿಟ್ಟು 105 ಡಿಗ್ರಿಯದ್ದು ಕೇಳಿ ತನ್ನಿ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ.

ಶಹಾಪುರದಿಂದ ಬಂದ ಒಂದು ಟಿವಿ ಗೇಮ್ ಇದಕ್ಕೆ ಒಳ್ಳೇ ಉದಾಹರಣೆ. ಬೆಳಿಗ್ಗೆ ಚೆನ್ನಾಗಿ ಆಡುತ್ತಿತ್ತು. ಮಧ್ಯಾಹ್ನ ಆದರೆ ಹ್ಯಾಂಗ್. ಆಫ್ ಮಾಡಿ ಆರಿಸಿದರೆ ಮತ್ತೆ ಸರಿ. ಚಿಪ್ಪೇ ಹೋಗಿದೆ ಅಂತ ಮನೆಯವರು ನಿರ್ಧರಿಸಿದ್ದರು. ಜೊತೆಗೆ ತಂದ ಅಡಾಪ್ಟರ್, 3ರಿಂದ 12 ವೋಲ್ಟಿನವರೆಗೆ ಗುಂಡಿ ಇರುವಂಥದ್ದು. ಗುಂಡಿ 12ರ ಮೇಲೆ ನಿಂತಿತ್ತು. ಮುಚ್ಚಳ ತೆಗೆದು ಹೇರ್ ಡ್ರೈಯರಿನಿಂದ ಬೋರ್ಡಿನ ಒಂದೊಂದು ಮೂಲೆಗೆ ಬಿಸಿ ಗಾಳಿ ಕೊಡುತ್ತಾ ಹೋದೆ. ರೆಗ್ಯುಲೇಟರ್ ಹತ್ತಿರ ಬಂದ ತಕ್ಷಣ ಆಟ ನಿಂತಿತು. ಐಸೊಪ್ರೊಪೈಲ್ ಹಚ್ಚಿದ ಹತ್ತಿಯನ್ನು ಅದರ ಕಾಲಿಗೆ ಒತ್ತಿ ತಣ್ಣಗೆ ಮಾಡಿ, ಆವಿ ಪೂರ್ತಿ ಹೋದ ಮೇಲೆ ಆನ್ ಮಾಡಿದಾಗ ಮತ್ತೆ ಶುರುವಾಯಿತು. ಭೂತಗನ್ನಡಿಯಲ್ಲಿ ನೋಡಿದರೆ 7805ರ ಗ್ರೌಂಡ್ ಕಾಲಿನ ಸುತ್ತ ಬಿರುಕು. ಹೊಸ ಸೋಲ್ಡರ್, 9 ವೋಲ್ಟ್, ಬೆನ್ನಿನ ಹೀಟ್‌ಸಿಂಕಿಗೆ ಹೊಸ ಥರ್ಮಲ್ ಪೇಸ್ಟ್. ಅಷ್ಟಕ್ಕೇ ಮುಗಿಯಿತು. ಚಿಪ್ಪನ್ನು ಮುಟ್ಟಲೇ ಇಲ್ಲ.

ಈ ಬಿಸಿ-ತಂಪು ಪರೀಕ್ಷೆಯಲ್ಲಿ ಡ್ರೈಯರನ್ನು ಒಂದು ಗೇಣು ದೂರ ಹಿಡಿಯಿರಿ. ಐಸೊಪ್ರೊಪೈಲ್ ಬೇಗ ಬೆಂಕಿ ಹಿಡಿಯುವ ವಸ್ತು. ಅದನ್ನು ಹಚ್ಚುವಾಗ ಡ್ರೈಯರ್, ಐರನ್, ಯಂತ್ರ ಮೂರೂ ಆಫ್ ಇರಲಿ.

ಬಿಸಿಲಿನ ಊರಲ್ಲಿ 7805 ತೆಗೆದು ಅದೇ ಮೂರು ಕಾಲಿನ ಸ್ವಿಚಿಂಗ್ ರೆಗ್ಯುಲೇಟರ್ ಹಾಕುವುದು ಒಳ್ಳೆಯದು ಅಂತಲೇ ನನ್ನ ಅನಿಸಿಕೆ. ಬಿಸಿ ಬಹಳ ಕಡಿಮೆ. ಮೂಲದ 7805 ಮತ್ತು ಹೀಟ್‌ಸಿಂಕನ್ನು ಸಣ್ಣ ಪ್ಯಾಕೆಟ್ಟಿನಲ್ಲಿ ಹಾಕಿ ಯಂತ್ರದ ಜೊತೆಗೇ ಇಡಿ. ಮುಂದೆ ಯಾರಾದರೂ ಮೊದಲಿನಂತೆ ಮಾಡಬೇಕೆಂದರೆ ದಾರಿ ಇರಬೇಕು.

386, 486 ಪಿಸಿ

ಇವುಗಳ ಬೋರ್ಡಿನಲ್ಲಿ ನೀಲಿ ಅಥವಾ ಹಸಿರು ಕವಚದ ಉರುಟು ಬ್ಯಾಟರಿ ಇದ್ದರೆ, ಬೇರೆ ಏನೂ ನೋಡುವ ಮೊದಲು ಅದನ್ನು ಕತ್ತರಿಸಿ ತೆಗೆಯಿರಿ. 3.6 ವೋಲ್ಟಿನ ನಿಕೆಲ್ ಕ್ಯಾಡ್ಮಿಯಂ ಬ್ಯಾಟರಿ ಅದು. ಸೋರಿದಾಗ ಬರುವುದು ಆಮ್ಲವಲ್ಲ, ಕ್ಷಾರ. ಅದಕ್ಕೇ ಅಡುಗೆ ಸೋಡಾ ಕೆಲಸ ಮಾಡುವುದಿಲ್ಲ, ಬಿಳಿ ವಿನೆಗರ್ ಬೇಕು. ಹತ್ತಿಯಲ್ಲಿ ವಿನೆಗರ್ ಹಚ್ಚಿ ಹಸಿರು ಕಲೆ ಒರೆಸಿ, ಡಿಸ್ಟಿಲ್ಡ್ ನೀರಿನಿಂದ ತೊಳೆದು, ಐಸೊಪ್ರೊಪೈಲ್ ಹಚ್ಚಿ, ನೆರಳಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಕಲೆ ಇದ್ದ ಜಾಗದ ಪ್ರತಿ ಗೆರೆಗೂ ಬೀಪ್ ಹಾಕಿ ನೋಡಿ. ಕೀಬೋರ್ಡ್ ಸಾಕೆಟ್ ಬಹಳ ಬೋರ್ಡುಗಳಲ್ಲಿ ಈ ಬ್ಯಾಟರಿಯ ಪಕ್ಕದಲ್ಲೇ ಇರುತ್ತದೆ. ಕೀಬೋರ್ಡ್ ಎರರ್ ಬಂದರೆ ಮೊದಲು ಅಲ್ಲಿಯ ಗೆರೆಗಳನ್ನು ನೋಡಿ. ಇನ್ನೂ ಸೋರದ ಬ್ಯಾಟರಿಯಾದರೂ ತೆಗೆಯಿರಿ. ಮನೆಯ ಕಸದ ಡಬ್ಬಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕ್ಯಾಡ್ಮಿಯಂ ವಿಷ.

ವಾಪಸ್ ಕೊಡುವ ಮುಂಚೆ

ದೋಷ ಸಿಕ್ಕಿತು, ಚಿತ್ರ ಬಂತು. ಮುಚ್ಚಳ ಹಾಕಿ, ಮಧ್ಯಾಹ್ನದ ಬಿಸಿಲಿನ ಹೊತ್ತಿನಲ್ಲಿ, ಫ್ಯಾನ್ ಗಾಳಿ ತಾಗದ ಕಡೆ ಇಟ್ಟು ಒಂದು ಗಂಟೆ ಓಡಿಸಿ. ಆಫ್ ಮಾಡುವ ಮೊದಲು ಕ್ಯಾಸೆಟ್ ಸ್ಲಾಟಿನಲ್ಲೋ ಹಿಂದಿನ ಪೋರ್ಟಿನಲ್ಲೋ 5 ವೋಲ್ಟ್ ಇನ್ನೊಮ್ಮೆ ಅಳೆಯಿರಿ. ಶುರುವಿನಲ್ಲಿ 5.0 ಇದ್ದದ್ದು 4.8ಕ್ಕೆ ಇಳಿದಿದ್ದರೆ ಕೆಲಸ ಇನ್ನೂ ಬಾಕಿ ಇದೆ. ಇಳಿಯದಿದ್ದರೆ ಅಡಾಪ್ಟರಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ಯಂತ್ರದ ಹೆಸರು, ವೋಲ್ಟ್, ನಡುವಿನ ತೂತು ಪ್ಲಸ್ಸೋ ಮೈನಸ್ಸೋ ಅಂತ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅದೇ ಬರಹವನ್ನು ಯಂತ್ರದ ತಳದಲ್ಲೂ, ಜಾಕಿನ ಹತ್ತಿರ ಅಂಟಿಸಿ.